ಓದುಗರ ಪ್ರಶ್ನೆ: ಕೂಡಿಟ್ಟ ಪೆಟ್ರೋಲ್, ನಿಂತ ಎಂಜಿನ್ ಮತ್ತು ಸ್ಟೆಬಿಲೈಸರ್ ಬಾಟಲಿ

ಪ್ರಶ್ನೆ: ನನ್ನ ಬಳಿ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಇದೆ. ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಅದರ ಅಗತ್ಯ ಬೀಳುತ್ತದೆ. ಈಚೆಗೆ ಐದು ತಿಂಗಳು ಸುಮ್ಮನೆ ನಿಂತಿದ್ದ ಮೇಲೆ ಎಷ್ಟು ಹಗ್ಗ ಎಳೆದರೂ ಅದು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದು, ಪೆಟ್ರೋಲ್ ಹಳಸಿದೆಯೆಂದೂ ಇನ್ನು ಮುಂದೆ ಸ್ಟೆಬಿಲೈಸರ್ ಹಾಕಿ ಇಡಬೇಕೆಂದೂ ಹೇಳಿದರು. ಪೆಟ್ರೋಲ್ ನಿಜವಾಗಿಯೂ ಹಳಸುತ್ತದೆಯೇ? ಹತ್ತಾರು ಬಗೆಯ ಬಾಟಲಿಗಳಿರುವಾಗ ಯಾವುದನ್ನು ಆರಿಸಬೇಕು?

ಉತ್ತರ: ಹಳಸುತ್ತದೆ, ನಿಮ್ಮ ಮೆಕ್ಯಾನಿಕ್ ಸರಿಯಾದ ಮಾತನ್ನೇ ಬಳಸಿದ್ದಾರೆ. ಪೆಟ್ರೋಲ್ ಒಂದೇ ವಸ್ತುವಲ್ಲ, ಸುಮಾರಾಗಿ ನಾಲ್ಕರಿಂದ ಹನ್ನೆರಡು ಇಂಗಾಲದ ಪರಮಾಣುಗಳಿರುವ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಇವುಗಳಲ್ಲಿ ಬ್ಯೂಟೇನ್, ಪೆಂಟೇನ್‌ಗಳಂಥ ಹಗುರವಾದವು ಮೊದಲು ಹಾರಿಹೋಗುತ್ತವೆ. ತಣ್ಣಗಿರುವ ಎಂಜಿನ್ ಒಂದೆರಡು ಎಳೆತಕ್ಕೆ ಹೊತ್ತಿಕೊಳ್ಳುವುದು ಬಹುಮಟ್ಟಿಗೆ ಈ ಹಗುರ ಭಾಗದ ದೆಸೆಯಿಂದಲೇ ಆದ್ದರಿಂದ, ಅದು ಹೋದ ಪೆಟ್ರೋಲ್ ನೋಡಲು ಚೆನ್ನಾಗಿಯೇ ಇದ್ದರೂ ಸ್ಟಾರ್ಟ್ ಮಾಡುವವರ ತೋಳನ್ನು ಸೋಲಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡನೆಯ ಬದಲಾವಣೆ. ಒಲಿಫಿನ್ ಎಂಬ ಗುಂಪಿನ ಅಣುಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಪೆರಾಕ್ಸೈಡ್‌ಗಳಾಗುತ್ತವೆ; ಕೆಟ್ಟ ಒಂದು ಅಣು ಪಕ್ಕದ ಅಣುವನ್ನು ಕೆಡಿಸುತ್ತಾ ಸರಪಳಿಯಂತೆ ಮುಂದುವರಿದು, ಕೊನೆಗೆ ಕಂದುಬಣ್ಣದ ಅಂಟು ಉಳಿಯುತ್ತದೆ. ಬಿಸಿ ಹೆಚ್ಚಾದಂತೆ ಈ ಕ್ರಿಯೆಯ ವೇಗವೂ ಹೆಚ್ಚುತ್ತದೆ. ಪ್ರತಿ 10 ಡಿಗ್ರಿಗೆ ಸುಮಾರು ಇಮ್ಮಡಿ ಎಂಬುದು ರಸಾಯನಶಾಸ್ತ್ರದವರ ಅಂದಾಜಿನ ಲೆಕ್ಕ.

ಹೊಸ ಪೆಟ್ರೋಲಿನಲ್ಲಿ ಅಂಟಿನ ಪ್ರಮಾಣ 100 ಮಿಲಿಲೀಟರಿಗೆ 5 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ಇಎನ್ 228 ಮಾನದಂಡ ಹೇಳುತ್ತದೆ. ಅದೇ ಮಾನದಂಡದ ಇನ್ನೊಂದು ಪರೀಕ್ಷೆಯಲ್ಲಿ ಪೆಟ್ರೋಲನ್ನು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಒತ್ತಡದ ಆಮ್ಲಜನಕದ ಜೊತೆಗೆ ಮುಚ್ಚಿಟ್ಟು, ಅದು ಎಷ್ಟು ಹೊತ್ತು ಆಮ್ಲಜನಕವನ್ನು ಹೀರದೆ ತಡೆಯುತ್ತದೆಂದು ನೋಡುತ್ತಾರೆ. ಕನಿಷ್ಠ 360 ನಿಮಿಷ ತಡೆಯಬೇಕು. ಈ ಪರೀಕ್ಷೆಯನ್ನು ದಾಟಿಸಲೆಂದೇ ಸಂಸ್ಕರಣಾಗಾರದಲ್ಲಿ ಪೆಟ್ರೋಲಿಗೆ ಉತ್ಕರ್ಷಣ ನಿರೋಧಕವನ್ನು, ಎಂದರೆ ಆಮ್ಲಜನಕದೊಡನೆ ಕೂಡುವುದನ್ನು ತಡೆಯುವ ರಾಸಾಯನಿಕವನ್ನು, ಬೆರೆಸುವ ರೂಢಿಯಿದೆ. ಸ್ಟೆಬಿಲೈಸರ್ ಬಾಟಲಿಯಲ್ಲಿರುವುದೂ ಮುಖ್ಯವಾಗಿ ಅದೇ ಜಾತಿಯ ರಾಸಾಯನಿಕ; ಮಂತ್ರವೇನೂ ಇಲ್ಲ, ಮೊದಲೇ ಇದ್ದ ಕಾವಲಿಗೆ ಇನ್ನಷ್ಟು ಕಾವಲುಗಾರರನ್ನು ಸೇರಿಸಿದಂತೆ. ಸರಪಳಿಯನ್ನು ನಡುವೆ ಕಡಿಯುವುದಷ್ಟೇ ಅದರ ಕೆಲಸವಾದ್ದರಿಂದ, ಸರಪಳಿ ಶುರುವಾಗುವ ಮೊದಲೇ, ಎಂದರೆ ಪೆಟ್ರೋಲ್ ತಂದ ದಿನವೇ ಅದನ್ನು ಹಾಕಬೇಕು. ಯಾವ ಬ್ರ್ಯಾಂಡ್ ಎಂಬುದಕ್ಕಿಂತ ಯಾವತ್ತು ಹಾಕಿದಿರಿ ಎಂಬುದೇ ದೊಡ್ಡದು.

ನಿಮ್ಮ ಜನರೇಟರಿನಲ್ಲಿ ಟ್ಯಾಂಕಿಗಿಂತ ಮೊದಲು ಕಾರ್ಬುರೇಟರ್ ಕೆಟ್ಟದ್ದೂ ಆಕಸ್ಮಿಕವಲ್ಲ. ಕಾರ್ಬುರೇಟರಿನ ತಳದಲ್ಲಿರುವ ಬೌಲ್‌ನಲ್ಲಿ ನಿಲ್ಲುವ ಪೆಟ್ರೋಲ್ ಬಹಳ ಸ್ವಲ್ಪ, ಅದಕ್ಕೆ ಗಾಳಿಯ ಸಂಪರ್ಕ ಸದಾ ಇರುತ್ತದೆ, ಜೊತೆಗೆ ಅದರಲ್ಲಿ ಮುಳುಗಿರುವ ಜೆಟ್, ಎಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಣುಕು, ಹಿತ್ತಾಳೆಯದು. ಹಿತ್ತಾಳೆಯಲ್ಲಿರುವ ತಾಮ್ರ ಉತ್ಕರ್ಷಣವನ್ನು ಚುರುಕುಗೊಳಿಸುವ ಲೋಹ. ಮುಂದಿನ ಬಾರಿ ಬೌಲ್ ಬಿಚ್ಚಿದಾಗ ತಳದಲ್ಲಿ ಹಸಿರು ಬಣ್ಣದ ಪುಡಿಪುಡಿ ಪೊರೆ ಕಂಡರೆ, ಅದು ತಾಮ್ರ ಸವೆದ ಗುರುತು. ಸಣ್ಣ ಎಂಜಿನ್ನಿನ ಐಡಲ್ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ: ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದು, ಸೂಜಿಯ ಮೊನೆಯಷ್ಟು ಬೆಳಕು ಕಂಡರೆ ಅದು ತೆರೆದಿದೆ ಎಂದರ್ಥ. ಅಂಥ ಕಿಂಡಿಯನ್ನು ಮುಚ್ಚಲು ಎಷ್ಟು ಅಂಟು ಬೇಕು!

ಆದ್ದರಿಂದ ಬಾಟಲಿಯ ಹೆಸರಿಗಿಂತ ಅದರ ಹಿಂಬದಿಯ ಬರಹವನ್ನು ಓದಿ. ಉತ್ಕರ್ಷಣ ನಿರೋಧಕ ಇದೆಯೆಂದು ಸ್ಪಷ್ಟವಾಗಿ ಹೇಳಿರಬೇಕು. ಲೋಹದ ಸವೆತವನ್ನು ತಡೆಯುವ ಅಂಶವಿದ್ದರೆ ಒಳ್ಳೆಯದು. ತಾಮ್ರದ ಪ್ರಭಾವವನ್ನು ಅಡಗಿಸುವ ಅಂಶವೂ ಇದ್ದರೆ ಕಾರ್ಬುರೇಟರ್ ಇರುವ ಎಂಜಿನ್ನಿಗೆ ಅದು ಇನ್ನೂ ಮೇಲು. ಎಷ್ಟು ಲೀಟರಿಗೆ ಎಷ್ಟು ಮಿಲಿಲೀಟರ್, ಎಷ್ಟು ತಿಂಗಳಿಗೆ ಎಂಬುದನ್ನು ಅಂಕಿಯಲ್ಲಿ ಹೇಳದೆ, ‘ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ, ಎಲ್ಲ ಇಂಧನಕ್ಕೂ ಸಲ್ಲುತ್ತದೆ’ ಎಂದು ಮಾತ್ರ ಬರೆದಿರುವ ಬಾಟಲಿಯನ್ನು ನಾನಾದರೆ ಅಲ್ಲೇ ಇಟ್ಟು ಬರುತ್ತೇನೆ. ಹೊಗಳಿಕೆ ಹೆಚ್ಚಿದಷ್ಟೂ ಅಂಕಿ ಕಡಿಮೆಯಾಗುವುದನ್ನು ಈ ಬಾಟಲಿಗಳಲ್ಲಿ ಬಹಳ ಕಂಡಿದ್ದೇನೆ.

ಅಳತೆಯ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಸ್ಟಾ-ಬಿಲ್ ಹೆಸರಿನ ಸಾಮಾನ್ಯ ಶೇಖರಣಾ ದ್ರವವನ್ನು ಎರಡೂವರೆ ಅಮೆರಿಕನ್ ಗ್ಯಾಲನ್ನಿಗೆ ಒಂದು ಔನ್ಸಿನಂತೆ ಹಾಕಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಒಂಬತ್ತೂವರೆ ಲೀಟರಿಗೆ 30 ಮಿಲಿಲೀಟರ್, ಎಂದರೆ ಲೀಟರಿಗೆ 3 ಮಿಲಿಲೀಟರಿಗಿಂತ ಒಂದಿಷ್ಟು ಹೆಚ್ಚು. 5 ಲೀಟರಿನ ಟ್ಯಾಂಕಿಗೆ 16 ಮಿಲಿಲೀಟರ್ ಸಾಕು. ಬೇರೆ ತಯಾರಿಕೆಗಳಲ್ಲಿ ಸಾಂದ್ರತೆ ಬೇರೆಯಾದ್ದರಿಂದ ಈ ಲೆಕ್ಕವನ್ನು ಎಲ್ಲದಕ್ಕೂ ಅನ್ವಯಿಸಬೇಡಿ. ಇಷ್ಟು ಸಣ್ಣ ಪ್ರಮಾಣವನ್ನು ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವ ಬದಲು ಸೂಜಿ ತೆಗೆದ ಸಿರಿಂಜ್ ಇಟ್ಟುಕೊಳ್ಳಿ. ಅಳತೆಯ ಎರಡರಷ್ಟು ಸುರಿದ ಮಾತ್ರಕ್ಕೆ ಪೆಟ್ರೋಲಿನ ಆಯುಷ್ಯ ಎರಡರಷ್ಟಾಗುವುದಿಲ್ಲ. ಬಾಟಲಿ 24 ತಿಂಗಳೆಂದು ಹೇಳಿದರೂ, ತಂಪಾದ ಜಾಗದಲ್ಲಿ ಬಿಗಿಯಾಗಿ ಮುಚ್ಚಿಟ್ಟ ಕ್ಯಾನಿಗೆ ಮಾತ್ರ ಆ ಮಾತನ್ನು ಒಪ್ಪಬಹುದು. ಮುಚ್ಚಳದಲ್ಲಿ ಗಾಳಿರಂಧ್ರವಿರುವ ಯಂತ್ರದ ಟ್ಯಾಂಕಿಗೆ ಆರು ತಿಂಗಳೆಂದು ಎಣಿಸಿಕೊಳ್ಳುವುದು ನನ್ನ ಪದ್ಧತಿ.

ಪ್ರಶ್ನೆ: ಪೆಟ್ರೋಲಿಗೆ ಎಥನಾಲ್ ಬೆರೆಸುವುದರಿಂದ ಅದು ನೀರನ್ನು ಹೀರಿ ಬೇಗ ಕೆಡುತ್ತದೆ ಎನ್ನುತ್ತಾರೆ. ಬೇರ್ಪಟ್ಟ ನೀರನ್ನು ಮತ್ತೆ ಪೆಟ್ರೋಲಿನಲ್ಲಿ ಕರಗಿಸುವ, ಕಿಣ್ವಗಳಿರುವ ಸ್ಟೆಬಿಲೈಸರ್‌ಗಳನ್ನು ನಂಬಬಹುದೇ?

ಉತ್ತರ: ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ, ಎರಡನೆಯದನ್ನು ನಾನು ನಂಬುವುದಿಲ್ಲ. ನೂರಕ್ಕೆ ಹತ್ತು ಪಾಲು ಎಥನಾಲ್ ಇರುವ ಪೆಟ್ರೋಲ್ 15 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಗಾತ್ರದ ಶೇಕಡಾ 0.5ರಷ್ಟು ನೀರನ್ನು ಕರಗಿಸಿಕೊಂಡು ಇರಬಲ್ಲದು. 10 ಲೀಟರಿಗೆ ಸುಮಾರು 50 ಮಿಲಿಲೀಟರ್. ಅಷ್ಟರವರೆಗೆ ಎಥನಾಲ್ ಉಪಕಾರವನ್ನೇ ಮಾಡುತ್ತದೆ, ಏಕೆಂದರೆ ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ನಾಲ್ಕು ಹನಿ ನೀರು ಬಿದ್ದರೂ ಅದು ತಳದಲ್ಲಿ ಮುತ್ತಿನಂತೆ ಹಾಗೆಯೇ ಕುಳಿತಿರುತ್ತದೆ. ಮಿತಿ ಮೀರಿದಾಗ, ಅಥವಾ ಮಿತಿಯ ಹತ್ತಿರವಿದ್ದ ಪೆಟ್ರೋಲ್ ತಣ್ಣಗಾದಾಗ, ನೀರು ಒಂಟಿಯಾಗಿ ಹೊರಬರದೆ ಎಥನಾಲನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್, ಎಂದರೆ ಎಂಜಿನ್ನಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳದೆ ತಡೆಯುವ ಗುಣ, ಕುಸಿಯುತ್ತದೆ. ಕೆಳಗಿನ ಪದರ ಎಂಜಿನ್ನಿನಲ್ಲಿ ಸರಿಯಾಗಿ ಉರಿಯುವುದೂ ಇಲ್ಲ, ಲೋಹವನ್ನು ಸುಮ್ಮನೆ ಬಿಡುವುದೂ ಇಲ್ಲ. ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಕೊಳವೆ ಇರುವುದು ಟ್ಯಾಂಕಿನ ತಳದಲ್ಲೇ ಎಂಬುದನ್ನು ನೆನೆದರೆ ಮುಂದಿನದು ಗೊತ್ತಾಗುತ್ತದೆ.

ನಿಮ್ಮ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆಯೆಂದು ನೀವೇ ನೋಡಬಹುದು. ಗುರುತುಗಳಿರುವ ಗಾಜಿನ ಅಳತೆಯ ಕೊಳವೆಯಲ್ಲಿ 10 ಮಿಲಿಲೀಟರ್ ನೀರು ಹಾಕಿ, ಅದರ ಮೇಲೆ 100 ಮಿಲಿಲೀಟರ್ ಪೆಟ್ರೋಲ್ ಸುರಿದು, ಮುಚ್ಚಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಬಯಲಿನಲ್ಲಿ, ಬೆಂಕಿಯಿಂದ ದೂರ ನಿಂತು ಮಾಡಿ. ತಳದ ಪದರ 10ರ ಗುರುತಿನಲ್ಲೇ ನಿಂತರೆ ಎಥನಾಲ್ ಇಲ್ಲ. ಅದು 20ರ ಹತ್ತಿರಕ್ಕೆ ಏರಿದ್ದರೆ, ಪೆಟ್ರೋಲಿನಿಂದ ಸುಮಾರು 10 ಮಿಲಿಲೀಟರ್ ಎಥನಾಲ್ ನೀರಿನ ಕಡೆಗೆ ಹೋಗಿದೆ. ಟ್ಯಾಂಕಿನಲ್ಲಿ ಆಗುವುದೂ ಇದೇ. ಎರಡು ಪದರಗಳ ನಡುವಿನ ಗೆರೆಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ, ನಾಲ್ಕು ಹನಿ ದ್ರವ ಅದನ್ನು ಅಳಿಸಿಹಾಕುತ್ತದೆಂದು ಒಪ್ಪಿಸುವುದು ಕಷ್ಟ. ಅಷ್ಟೊಂದು ನೀರನ್ನು ಕರಗಿಸಲು ಮತ್ತಷ್ಟು ಮದ್ಯಸಾರವನ್ನೇ ಸುರಿಯಬೇಕಾಗುತ್ತದೆ. ‘ನೀರು ನಿವಾರಕ’ ಎಂದು ಮಾರುವ ಹಲವು ಬಾಟಲಿಗಳಲ್ಲಿರುವುದೂ ಐಸೊಪ್ರೊಪೈಲ್ ಮದ್ಯಸಾರವೇ. ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಹನಿ ನೀರಿದ್ದರೆ ಅದು ಕೆಲಸಕ್ಕೆ ಬರಬಹುದು. ಬೇರ್ಪಟ್ಟ ಪೆಟ್ರೋಲಿಗೆ ಇರುವ ದಾರಿ ಒಂದೇ, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಹೊಸದನ್ನು ತುಂಬುವುದು.

ಎಥನಾಲ್ ಇರುವ ಪೆಟ್ರೋಲಿಗೆ ಸ್ಟೆಬಿಲೈಸರ್ ಆರಿಸುವಾಗ ಸವೆತ ತಡೆಯುವ ಅಂಶ ಇರಲೇಬೇಕೆಂದು ಪಟ್ಟು ಹಿಡಿಯಿರಿ. ಮಿಕ್ಕದ್ದನ್ನು ಬಿಗಿಯಾದ ಮುಚ್ಚಳ ಮಾಡುತ್ತದೆ. ಆಯ್ಕೆ ಇರುವ ಕಡೆ, ನಿಲ್ಲಿಸಿಡುವ ಯಂತ್ರಕ್ಕೆ ಎಥನಾಲ್ ಇಲ್ಲದ ಪೆಟ್ರೋಲನ್ನೇ ಹಾಕಿ. ಸಣ್ಣ ಎಂಜಿನ್‌ಗಳ ತಯಾರಕರಲ್ಲಿ ಅನೇಕರು ಶೇಕಡಾ 10ಕ್ಕಿಂತ ಹೆಚ್ಚು ಎಥನಾಲನ್ನು ಒಪ್ಪುವುದಿಲ್ಲವಾದ್ದರಿಂದ ಯಂತ್ರದ ಕೈಪಿಡಿಯಲ್ಲಿ ಆ ಒಂದು ಸಾಲನ್ನು ಹುಡುಕಿ ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಕಳೆ ಕತ್ತರಿಸುವ ಟೂ-ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಟ್ಟಿಗೆ ಐದು ಲೀಟರ್ ಮಾಡಿಟ್ಟುಕೊಳ್ಳುತ್ತೇನೆ. ಇದಕ್ಕೂ ಸ್ಟೆಬಿಲೈಸರ್ ಬೇಕೇ? ಆಯಿಲ್ ಮತ್ತು ಸ್ಟೆಬಿಲೈಸರ್ ಒಂದಕ್ಕೊಂದು ಹೊಂದುತ್ತವೆಯೇ?

ಉತ್ತರ: ಹೊಂದುತ್ತವೆ. ಆದರೆ ನಿಮ್ಮ ಆಯಿಲ್ ಡಬ್ಬಿಯನ್ನು ಮೊದಲು ಓದಿ, ಏಕೆಂದರೆ ಕೆಲವು ಟೂ-ಸ್ಟ್ರೋಕ್ ಆಯಿಲ್‌ಗಳಲ್ಲಿ ಸ್ಟೆಬಿಲೈಸರ್ ಮೊದಲೇ ಸೇರಿರುತ್ತದೆ, ಆಗ ಇನ್ನೊಂದು ಬಾಟಲಿ ದಂಡ. ಸೇರಿರದಿದ್ದರೆ ಕ್ಯಾನಿಗೆ ಅರ್ಧ ಪೆಟ್ರೋಲ್, ಅದರ ಮೇಲೆ ಆಯಿಲ್ ಮತ್ತು ಸ್ಟೆಬಿಲೈಸರ್, ಆಮೇಲೆ ಉಳಿದ ಪೆಟ್ರೋಲ್ ಹಾಕಿ ಅಲುಗಾಡಿಸಿದರೆ ಚೆನ್ನಾಗಿ ಬೆರೆಯುತ್ತದೆ. 50ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 20 ಮಿಲಿಲೀಟರ್ ಆಯಿಲ್, 25ಕ್ಕೆ 1 ಎಂದರೆ 40. ಸ್ಟೆಬಿಲೈಸರನ್ನು ಆಯಿಲಿನ ಲೆಕ್ಕದಲ್ಲಿ ಸೇರಿಸಿ ಆಯಿಲ್ ಕಡಿಮೆ ಮಾಡುವ ತಪ್ಪನ್ನು ಮಾತ್ರ ಮಾಡಬೇಡಿ. ಈ ಎಂಜಿನ್ನಿನ ಬೇರಿಂಗು, ಪಿಸ್ಟನ್‌ಗಳಿಗೆ ಸಿಗುವ ಜಿಡ್ಡು ಅದೊಂದೇ.

ನನ್ನನ್ನು ಕೇಳಿದರೆ ಐದು ಲೀಟರ್ ಮಾಡಿಡುವುದೇ ಹೆಚ್ಚು. ಒಂದು ತಿಂಗಳಿಗೆ ಬೇಕಾದಷ್ಟನ್ನೇ ಬೆರೆಸಿಕೊಳ್ಳುವವರಿಗೆ ಸ್ಟೆಬಿಲೈಸರಿನ ಹಂಗೇ ಇಲ್ಲ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಯಂತ್ರ ತೆಗೆಯುವವರು ಆಲ್ಕಿಲೇಟ್ ಪೆಟ್ರೋಲ್ ಸಿಗುವಂತಿದ್ದರೆ ಅದನ್ನು ಯೋಚಿಸಬಹುದು. ಐಸೊಬ್ಯೂಟೇನನ್ನು ಹಗುರ ಒಲಿಫಿನ್‌ಗಳೊಡನೆ ಜೋಡಿಸಿ ತಯಾರಿಸುವ ಈ ಇಂಧನದಲ್ಲಿ ಕೊನೆಗೆ ಒಲಿಫಿನ್ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಎಥನಾಲ್ ಇರುವುದೇ ಇಲ್ಲ. ಅಂಟಾಗುವ ಸರಕೇ ಇಲ್ಲದ ಮೇಲೆ ಅಂಟು ಎಲ್ಲಿಂದ ಬರಬೇಕು? ಮುಚ್ಚಿದ ಡಬ್ಬಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಲೆ ಹೆಚ್ಚೆಂಬುದೊಂದೇ ಅಡ್ಡಿ; ವರ್ಷಕ್ಕೆ ಎರಡು ಲೀಟರ್ ಬಳಸುವವರಿಗೆ ಆ ವ್ಯತ್ಯಾಸ ಒಂದು ಕಾರ್ಬುರೇಟರ್ ದುರಸ್ತಿಗಿಂತ ಕಡಿಮೆಯೇ ಬಿದ್ದೀತು.

ಪ್ರಶ್ನೆ: ಎಂಟು ತಿಂಗಳ ಹಿಂದಿನ ಪೆಟ್ರೋಲ್ ಕ್ಯಾನಿನಲ್ಲಿದೆ. ಈಗ ಸ್ಟೆಬಿಲೈಸರ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಒಡೆದ ಹಾಲಿಗೆ ಹೆಪ್ಪು ಬಿಟ್ಟು ಕಾಯ್ದಂತಾಗುತ್ತದೆ. ಒಂದು ಗಾಜಿನ ಲೋಟದಲ್ಲಿ ಹಳೆಯದನ್ನೂ ಇನ್ನೊಂದರಲ್ಲಿ ಹೊಸದನ್ನೂ ಹಿಡಿದು ಪಕ್ಕಪಕ್ಕದಲ್ಲಿಟ್ಟು ನೋಡಿ. ಹಳೆಯದು ಕಂದಾಗಿದ್ದರೆ, ಪೆಟ್ರೋಲಿನ ಚುರುಕು ವಾಸನೆ ಹೋಗಿ ವಾರ್ನಿಶ್‌ನಂಥ ಹುಳಿಮಿಶ್ರಿತ ವಾಸನೆ ಬಂದಿದ್ದರೆ, ಅಥವಾ ತಳದಲ್ಲಿ ಬೇರೊಂದು ಪದರ ಕಂಡರೆ ಯಾವ ಎಂಜಿನ್ನಿಗೂ ಅದನ್ನು ಹಾಕಬೇಡಿ. ಬಣ್ಣ, ವಾಸನೆ ಎರಡೂ ಹೊಸದರಂತೆಯೇ ಇದ್ದರೆ, ಒಂದು ಪಾಲಿಗೆ ಹತ್ತು ಪಾಲು ಹೊಸ ಪೆಟ್ರೋಲ್ ಸೇರುವಂತೆ ಕಾರಿನ ಟ್ಯಾಂಕಿನಲ್ಲಿ ಬೆರೆಸಿ ಮುಗಿಸಬಹುದು. ಸಣ್ಣ ಎಂಜಿನ್ನಿಗೆ ಬೇಡ. ಕೆಟ್ಟ ಪೆಟ್ರೋಲನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯದೆ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು.

ಪ್ರಶ್ನೆ: ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ ಸ್ಟೆಬಿಲೈಸರ್ ಹಾಕಬೇಕೆಂದು ಕೆಲವರು, ಪೂರ್ತಿ ಖಾಲಿ ಮಾಡಬೇಕೆಂದು ಕೆಲವರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿ, ತಪ್ಪೆಂದರೆ ಅರ್ಧ ಟ್ಯಾಂಕ್ ಬಿಡುವವರದು. ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ಪೆಟ್ರೋಲಿಗೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ಹಗಲು ರಾತ್ರಿಯ ಬಿಸಿ ತಂಪಿಗೆ ಗಾಳಿ ಒಳಹೊರಗೆ ಆಡುತ್ತಾ ತೇವವನ್ನೂ ತರುತ್ತದೆ, ತಗಡಿನ ಟ್ಯಾಂಕಾದರೆ ಮೇಲ್ಭಾಗ ತುಕ್ಕು ಹಿಡಿಯುತ್ತದೆ. ತುರ್ತಿಗೆ ತಕ್ಷಣ ಬೇಕಾಗುವ ಜನರೇಟರಿನಂಥ ಯಂತ್ರದಲ್ಲಿ ಟ್ಯಾಂಕ್ ತುಂಬಿಸಿ ಸ್ಟೆಬಿಲೈಸರ್ ಹಾಕುವುದೇ ವಿಹಿತ. ಮುಂದಿನ ಹಂಗಾಮಿನವರೆಗೆ ಖಂಡಿತ ಮುಟ್ಟುವುದಿಲ್ಲವೆನ್ನುವ ಯಂತ್ರವನ್ನು ಖಾಲಿ ಮಾಡಿ.

ತುಂಬಿಸುವವರು ಮರೆಯುವುದು ಒಂದನ್ನು: ಸ್ಟೆಬಿಲೈಸರ್ ಹಾಕಿದ್ದು ಟ್ಯಾಂಕಿಗೆ, ಕಾರ್ಬುರೇಟರಿನಲ್ಲಿರುವುದು ಇನ್ನೂ ಹಳೆಯ ಪೆಟ್ರೋಲ್. ಆದ್ದರಿಂದ ಬೆರೆಸಿದ ಮೇಲೆ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ, ಹೊಸ ಮಿಶ್ರಣ ಜೆಟ್ಟಿನವರೆಗೂ ಇಳಿಯುವಂತೆ ಮಾಡಬೇಕು. ಒಂದು ವರ್ಷ ನಾನೇ ಈ ಹತ್ತು ನಿಮಿಷಕ್ಕೆ ಸೋಮಾರಿತನ ಮಾಡಿ, ಟ್ಯಾಂಕಿನ ತುಂಬ ಚೊಕ್ಕ ಪೆಟ್ರೋಲ್ ಇದ್ದೂ ಬೌಲ್ ಬಿಚ್ಚಿ ತೊಳೆಯುತ್ತಾ ಕುಳಿತಿದ್ದೆ. ಇನ್ನೂ ಭದ್ರವಾಗಬೇಕೆಂದರೆ, ಹೀಗೆ ಓಡುತ್ತಿರುವಾಗಲೇ ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ. ಆಗಲೂ ಬೌಲ್‌ನ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ತಣ್ಣಗಾದ ಮೇಲೆ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನೂ ಇಳಿಸಿಬಿಡಿ. ಇದನ್ನು ತಪ್ಪದೆ ಮಾಡುವವರ ಕಾರ್ಬುರೇಟರ್ ಅಂಟಿನಿಂದ ಕಟ್ಟಿಕೊಂಡದ್ದನ್ನು ನಾನು ಕಂಡಿಲ್ಲ. ಟ್ಯಾಂಕನ್ನೂ ಖಾಲಿ ಮಾಡುವುದಾದರೆ ಸ್ಟೆಬಿಲೈಸರ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಸಿಲಿಂಡರಿಗೂ ಒಂದು ಉಪಚಾರವಿದೆ. ಪ್ಲಗ್ ಬಿಚ್ಚಿ, ಆ ರಂಧ್ರದಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ನಿಧಾನವಾಗಿ ಎಳೆಯಿರಿ. ಪ್ಲಗ್ ಮತ್ತೆ ಕೂರಿಸಿ, ಅದರ ವೈರನ್ನು ಸಿಕ್ಕಿಸದೆ ಇನ್ನೊಮ್ಮೆ ಮೆಲ್ಲಗೆ ಎಳೆಯುವಾಗ ಕೈಗೆ ಬಿಗಿ ತಟ್ಟುವ ಜಾಗದಲ್ಲಿ ನಿಲ್ಲಿಸಿಬಿಡಿ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಆಗ ಎರಡೂ ವಾಲ್ವ್‌ಗಳು ಮುಚ್ಚಿರುವುದರಿಂದ ತೇವದ ಗಾಳಿಗೆ ಒಳಗೆ ದಾರಿಯಿರುವುದಿಲ್ಲ.

ಪ್ರಶ್ನೆ: ಸ್ಟೆಬಿಲೈಸರ್ ಹಾಕಿದ ಪೆಟ್ರೋಲನ್ನು ಯಾವ ಕ್ಯಾನಿನಲ್ಲಿ ಇಡಬೇಕು? ಅದೇ ದ್ರವವನ್ನು ಡೀಸೆಲ್‌ಗೂ ಹಾಕಬಹುದೇ?

ಉತ್ತರ: ಪೆಟ್ರೋಲಿಗೆಂದೇ ತಯಾರಾದ, ಬಿಗಿ ಮುಚ್ಚಳದ ಕ್ಯಾನ್ ಬಿಟ್ಟರೆ ಬೇರೆ ಯಾವುದೂ ಬೇಡ, ಕುಡಿಯುವ ನೀರಿನ ಬಾಟಲಿಯಂತೂ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಿದು ದೂರದ ಕಿಡಿಯನ್ನು ಹುಡುಕಿಕೊಂಡು ಹೋಗಬಲ್ಲದು. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕ್ಯಾನನ್ನು ವಾಸದ ಕೋಣೆಯಲ್ಲಿ, ಒಲೆಯ ಅಥವಾ ಮೋಟಾರಿನ ಬಳಿ ಇಡಬಾರದು. ತುಂಬಿಸುವಾಗ ಅದನ್ನು ವಾಹನದೊಳಗೆ ಬಿಡದೆ ನೆಲದ ಮೇಲೆ ಇಟ್ಟೇ ತುಂಬಿಸಬೇಕು, ಇಲ್ಲವಾದರೆ ಸ್ಥಾಯಿ ವಿದ್ಯುತ್ತಿನ ಕಿಡಿಯ ಭಯವಿದೆ. ಗಾಳಿ ಕಡಿಮೆಯಿರಲೆಂದು ಕಂಠಪೂರ್ತಿ ತುಂಬಿಸಲೂಬಾರದು: 20 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯೇರಿದರೆ ಸುಮಾರು 380 ಮಿಲಿಲೀಟರಿನಷ್ಟು ಉಬ್ಬುತ್ತದೆ, ಆದ್ದರಿಂದ ನೂರಕ್ಕೆ ಐದರಷ್ಟು ಜಾಗ ಖಾಲಿ ಬಿಡಿ. ಬೆರೆಸಿದ ತಾರೀಖನ್ನು ಕ್ಯಾನಿನ ಮೇಲೆಯೇ ಅಳಿಸದ ಶಾಯಿಯಲ್ಲಿ ಬರೆಯಿರಿ.

ಡೀಸೆಲ್‌ಗೆ ಅದರದೇ ಬಾಟಲಿ ಬೇಕು. ಅಲ್ಲಿ ಉತ್ಕರ್ಷಣದ ಜೊತೆಗೆ ನೀರು ನಿಂತಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕಾಟವೂ ಇದೆ. ಪೆಟ್ರೋಲಿನ ಸ್ಟೆಬಿಲೈಸರ್ ಅವುಗಳನ್ನು ಕೊಲ್ಲಲೆಂದು ಮಾಡಿದ್ದಲ್ಲ.

ಪ್ರಶ್ನೆ: ಇಷ್ಟೆಲ್ಲ ಏಕೆ? ತಿಂಗಳಿಗೊಮ್ಮೆ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಲದೇ?

ಉತ್ತರ: ಐದು ನಿಮಿಷ ಸಾಲದು. ಅಷ್ಟರಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಕ್ರ್ಯಾಂಕ್‌ಕೇಸಿನಲ್ಲೇ ತಣಿದು ಆಯಿಲಿನೊಡನೆ ಸೇರುತ್ತದೆ. ಓಡಿಸುವುದಾದರೆ ಅರ್ಧದಷ್ಟಾದರೂ ಲೋಡ್ ಕೊಟ್ಟು 20ರಿಂದ 30 ನಿಮಿಷ ಓಡಿಸಿ. ಇದರಿಂದ ಕಾರ್ಬುರೇಟರಿನೊಳಗಿನ ಪೆಟ್ರೋಲ್ ಬದಲಾಗುತ್ತದೆ, ಆಯಿಲಿನ ತೇವ ಹಾರಿಹೋಗುತ್ತದೆ. ಟ್ಯಾಂಕಿನಲ್ಲಿರುವುದರ ವಯಸ್ಸು ಮಾತ್ರ ಏರುತ್ತಲೇ ಇರುತ್ತದಾದ್ದರಿಂದ, ಸ್ಟೆಬಿಲೈಸರ್ ಹಾಕದವರು ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು ದಿನವೂ ಓಡುವ ವಾಹನಕ್ಕೆ ಸುರಿದು, ಜನರೇಟರಿಗೆ ಹೊಸದನ್ನು ತುಂಬಿಸಬೇಕು.